ಬಳ್ಳಾರಿ ರಸ್ತೆಯ ಪ್ರಯೋಗಾಲಯಗಳು ಮತ್ತು ನಮ್ಮ ಮಕ್ಕಳು

ಪಿ.ಯು.ಸಿ. ಮತ್ತು ನೀಟ್ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಎಂ.ಬಿ.ಬಿ.ಎಸ್. ಸೀಟು ಸಿಗುತ್ತದೆಯೇ, ಇಲ್ಲವೇ? ಸಿಕ್ಕರೆ ಸಿಹಿ ಹಂಚಲಾಗುತ್ತದೆ. ಸಿಗದಿದ್ದರೆ, ಶಕ್ತಿಯುಳ್ಳವರು ನಿವೇಶನ ಮಾರಿಯಾದರೂ ಸೀಟು ಖರೀದಿಸುತ್ತಾರೆ. ಶಕ್ತಿಯಿಲ್ಲದವರು ಮಗನನ್ನು ಸಿಕ್ಕ ಕೋರ್ಸಿಗೆ ಸೇರಿಸುತ್ತಾರೆ, ಮಗಳನ್ನು ಬಿ.ಎಸ್ಸಿ.ಗೆ ಸೇರಿಸಿ ಸಂಬಂಧ ಹುಡುಕತೊಡಗುತ್ತಾರೆ. ಜೀವಶಾಸ್ತ್ರದಲ್ಲಿ ಅಷ್ಟೊಂದು ಆಸಕ್ತಿ ತೋರಿದ ಆ ಮಗುವಿನ ಮುಂದೆ ಬೇರೊಂದು ದಾರಿ ಇದೆಯೇ ಎಂದು ವಿಚಾರಿಸುವವರು ವಿರಳ.

ದಾರಿ ಇದೆ. ಅದು ರೋಗಿಯ ಹಾಸಿಗೆಯ ಬಳಿಗಲ್ಲ, ರೋಗದ ಮೂಲದ ಬಳಿಗೆ ಹೋಗುವ ದಾರಿ. ವೈರಸ್‌ಗಳನ್ನು ಹಿಡಿದು, ಬೆಳೆಸಿ, ಇಲಿಗಳ ಮೇಲೆ ಅವುಗಳ ವರ್ತನೆಯನ್ನು ಪರೀಕ್ಷಿಸಿ, ಅವುಗಳ ವಿರುದ್ಧ ಔಷಧ ಮತ್ತು ಲಸಿಕೆಗಳನ್ನು ರೂಪಿಸುವ ಸಂಶೋಧಕರ ದಾರಿ. ವೈದ್ಯರಿಗಿರುವ ಗೌರವ ಸಮಾಜದಲ್ಲಿ ಇವರಿಗಿಲ್ಲ. ಮನೆಯ ಮುಂದೆ ಫಲಕ ಹಾಕಿಕೊಳ್ಳುವ ವೃತ್ತಿಯೂ ಇದಲ್ಲ. ಆದರೆ ವೈದ್ಯರ ಕೈಯಲ್ಲಿರುವ ಸಿರಿಂಜಿನೊಳಗಿನ ವಸ್ತು ಬರುವುದು ಇವರ ಮೇಜಿನಿಂದ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ವಿಪರ್ಯಾಸವೆಂದರೆ, ಈ ಕೆಲಸ ನಡೆಯುವ ಸಂಸ್ಥೆಗಳು ನಮ್ಮ ಮನೆಗಳಿಗೆ ಬಹಳ ಹತ್ತಿರದಲ್ಲಿವೆ. ಆರ್.ಟಿ. ನಗರ, ದಿಣ್ಣೂರು, ಕಾವಲ್ ಬೈರಸಂದ್ರದ ಕುಟುಂಬಗಳಿಗೆ ಅದು ಹೆಚ್ಚು ದೂರದ ಪಯಣವಲ್ಲ. ಮೇಖ್ರಿ ವೃತ್ತದಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಇದೆ. ಹುಚ್ಚುನಾಯಿ ರೋಗದ ಪತ್ತೆಗಾಗಿ ಅಲ್ಲಿರುವ ಪ್ರಯೋಗಾಲಯವು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದಿದೆ. ಹೆಬ್ಬಾಳದಲ್ಲೇ ರಾಜ್ಯ ಸರಕಾರದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1920ರ ದಶಕದಲ್ಲಿ, ದನಗಳ ಮಾರಿಯೆನಿಸಿದ್ದ ರಿಂಡರ್‌ಪೆಸ್ಟ್ ವಿರುದ್ಧ ಸೀರಂ ತಯಾರಿಸಲೆಂದು ಹುಟ್ಟಿಕೊಂಡ ಸಂಸ್ಥೆ ಅದು. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಕೇಂದ್ರವೂ ಅಲ್ಲಿದ್ದು, ಕಾಲುಬಾಯಿ ಜ್ವರದ ಲಸಿಕೆಯ ಕೆಲಸಕ್ಕೆ ಹೆಸರಾಗಿದೆ. ಮುಂದೆ ಜಿ.ಕೆ.ವಿ.ಕೆ. ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್.ಸಿ.ಬಿ.ಎಸ್. ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಎಚ್.ಐ.ವಿ. ಕುರಿತು ಸಂಶೋಧನೆ ನಡೆದಿದೆ. ಯಲಹಂಕದ ರಾಮಗೊಂಡನಹಳ್ಳಿಯಲ್ಲಿ ಪಶುರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ 'ನಿವೇದಿ' ಇದೆ. ಇತ್ತ ಯಶವಂತಪುರದ ಮಗ್ಗುಲಲ್ಲಿ, 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾಂಕ್ರಾಮಿಕ ರೋಗಗಳ ಸಂಶೋಧನೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಇಂತಹ ಕೆಲಸದ ಫಲ ಏನು ಎಂದು ಕೇಳುವವರಿಗೆ ರಿಂಡರ್‌ಪೆಸ್ಟ್ ಒಂದೇ ಉತ್ತರ ಸಾಕು. ಶತಮಾನಗಳ ಕಾಲ ದನಗಳನ್ನು ಹಿಂಡುಹಿಂಡಾಗಿ ಕೊಂದು ರೈತರನ್ನು ಬೀದಿಗೆ ತಂದ ಆ ವೈರಸ್ ಭೂಮಿಯಿಂದಲೇ ಅಳಿದುಹೋಗಿದೆ ಎಂದು 2011ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಗಳು ಘೋಷಿಸಿದುವು. ಮನುಷ್ಯನ ಪ್ರಯತ್ನದಿಂದ ಸಿಡುಬಿನ ಬಳಿಕ ಇಲ್ಲವಾದ ಎರಡನೆಯ ವೈರಸ್ ರೋಗ ಅದು. ಹೆಬ್ಬಾಳದ ಸೀರಂನಿಂದ ಹಿಡಿದು ಅಸಂಖ್ಯ ಅನಾಮಿಕರ ದುಡಿಮೆ ಆ ಒಂದು ವಾಕ್ಯದ ಹಿಂದಿದೆ.

ಈ ಕೆಲಸಕ್ಕೆ ಇಲಿ ಯಾಕೆ ಬೇಕು? ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವನ್ನು ಗಾಜಿನ ಬಟ್ಟಲಲ್ಲಿ ಪೋಷಕಾಂಶ ಹಾಕಿ ಬೆಳೆಸಬಹುದು. ವೈರಸ್ ಹಾಗಲ್ಲ. ಅದು ಜೀವಕೋಶದೊಳಗೆ ಹೊಕ್ಕ ಹೊರತು ಬೆಳೆಯುವುದಿಲ್ಲ. ಆದ್ದರಿಂದ ಅದನ್ನು ಅರಿಯಬೇಕಾದರೆ ಜೀವಕೋಶಗಳು ಬೇಕು, ಕೆಲವು ಹಂತಗಳಲ್ಲಿ ಇಡೀ ಜೀವಿಯೇ ಬೇಕು. ಇಲಿಯ ಗರ್ಭಾವಧಿ ಸುಮಾರು ಮೂರು ವಾರ. ಅದರ ಆಯುಷ್ಯ ಎರಡು ಮೂರು ವರ್ಷ. ಒಂದೇ ತಳಿಯ ಇಲಿಗಳು ಪರಸ್ಪರ ಅವಳಿಗಳಂತೆ ಇರುವುದರಿಂದ ಒಂದು ಗುಂಪಿಗೆ ಲಸಿಕೆ ಕೊಟ್ಟು ಇನ್ನೊಂದು ಗುಂಪಿಗೆ ಕೊಡದೆ ನೋಡಿದರೆ ಕಾಣುವ ವ್ಯತ್ಯಾಸ ಲಸಿಕೆಯದ್ದೇ ಎಂದು ಹೇಳಬಹುದು. ಎಲ್ಲ ವೈರಸ್‌ಗಳಿಗೂ ಎಲ್ಲ ಇಲಿಗಳು ಆಗುವುದಿಲ್ಲ. 2020ರಲ್ಲಿ ಕೊರೋನಾ ಬಂದಾಗ ಸಾಧಾರಣ ಇಲಿಗೆ ಅಂದಿನ ವೈರಸ್ ತಗುಲುತ್ತಿರಲಿಲ್ಲ. ವೈರಸ್ ಹೊಕ್ಕುವ ಬಾಗಿಲು ಮನುಷ್ಯನ ಜೀವಕೋಶದಲ್ಲಿರುವಂತೆ ಇಲಿಯಲ್ಲಿ ಇರಲಿಲ್ಲ. ಹಾಗಾಗಿ ಮನುಷ್ಯನ ಆ ಗುಣವನ್ನು ಸೇರಿಸಿದ ವಿಶೇಷ ಇಲಿಗಳನ್ನೂ, ಹ್ಯಾಮ್‌ಸ್ಟರ್ ಎಂಬ ಸಣ್ಣ ಪ್ರಾಣಿಗಳನ್ನೂ ಬಳಸಬೇಕಾಯಿತು. ನಮ್ಮಲ್ಲಿ ಅನೇಕರು ಹಾಕಿಸಿಕೊಂಡ ಕೋವ್ಯಾಕ್ಸಿನ್ ಕೂಡ ಮನುಷ್ಯರಿಗೆ ಬರುವ ಮುನ್ನ ಹ್ಯಾಮ್‌ಸ್ಟರ್‌ಗಳ ಮತ್ತು ಮಂಗಗಳ ಮೇಲೆ ಪರೀಕ್ಷೆಗೊಳಗಾಗಿತ್ತು.

ಕನ್ನಡಿಗರ ಪಾಲಿಗೆ ಈ ವಿಷಯ ಎಷ್ಟು ಹತ್ತಿರದ್ದು ಎಂಬುದನ್ನು ತಿಳಿಯಲು ಮಂಗನ ಕಾಯಿಲೆಯ ಕತೆಯನ್ನು ನೋಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದುವು. ಹಿಂದೆಯೇ ಕಾಡಂಚಿನ ಜನರಿಗೆ ಜ್ವರ ಬಂತು. ಮಂಗಗಳ ಸಾವು ಕಂಡು, ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ಆತಂಕ ಹಬ್ಬಿತು. ಪುಣೆಯಲ್ಲಿ 1952ರಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ಡಾ. ಟೆಲ್ಫೋರ್ಡ್ ವರ್ಕ್ ಮತ್ತವರ ತಂಡ ಬಂತು. ಸತ್ತ ಮಂಗಗಳ ಮತ್ತು ರೋಗಿಗಳ ಮಾದರಿಗಳನ್ನು ಬಿಳಿ ಇಲಿಯ ಮರಿಗಳಿಗೆ ಚುಚ್ಚಿ, ಅದುವರೆಗೆ ಜಗತ್ತಿಗೆ ಗೊತ್ತಿಲ್ಲದ ವೈರಸ್ಸೊಂದನ್ನು ಬೇರ್ಪಡಿಸಲಾಯಿತು. ಆ ಕಾಡಿನ ಹೆಸರೇ ವೈರಸ್ಸಿಗೂ ಅಂಟಿತು. ಇದು ಉಣುಗುಗಳ ಮೂಲಕ ಹರಡುತ್ತದೆ, ಕಾಡಿನ ಇಲಿ, ಸುಂಡಿಲಿಗಳು ಆ ಉಣುಗುಗಳನ್ನೂ ವೈರಸ್ಸನ್ನೂ ಪೋಷಿಸುತ್ತವೆ ಎಂಬುದು ವರ್ಷಗಳ ಶ್ರಮದಿಂದ ತಿಳಿಯಿತು. ರಷ್ಯಾದ ಒಂದು ವೈರಸ್ಸನ್ನು ಇದು ಹೋಲುತ್ತಿದ್ದುದರಿಂದ ವಲಸೆ ಹಕ್ಕಿಗಳು ಇದನ್ನು ತಂದಿರಬಹುದೇ ಎಂಬ ಪ್ರಶ್ನೆ ಎದ್ದಾಗ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಹಾದಿಯನ್ನು ಅರಿಯುವ ಕಾರ್ಯದ ಮುಂಚೂಣಿಯಲ್ಲಿದ್ದವರು ಪಕ್ಷಿತಜ್ಞ ಸಲೀಂ ಅಲಿ.

ಈ ರೋಗಕ್ಕೆ ತುತ್ತಾಗುವವರು ಯಾರು? ಸೌದೆಗೆ, ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗುವವರು. ತೋಟದ ಕೂಲಿಗಳು. ಸೋಂಕು ತಗುಲಿದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾವಿಗೀಡಾಗುತ್ತಾರೆ. ಇದಕ್ಕೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಇದ್ದದ್ದು ಒಂದು ಲಸಿಕೆ. ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಅದನ್ನು ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿ ತಯಾರಿಸುವ ಲಸಿಕೆ ಅದು. ತಯಾರಾಗುತ್ತಿದ್ದುದು ಹೆಬ್ಬಾಳದ ಆ ಸರಕಾರಿ ಸಂಸ್ಥೆಯಲ್ಲಿ. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ಡೋಸ್ ಪಡೆದವರಲ್ಲಿ ಅದರ ರಕ್ಷಣೆ ಶೇ. 62.4, ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 82.9 ಮಾತ್ರ. ಒಂದೇ ಡೋಸ್‌ನಿಂದ ಪ್ರಯೋಜನವಿರಲಿಲ್ಲ. ಬೂಸ್ಟರ್‌ಗಳನ್ನು ಮತ್ತೆ ಮತ್ತೆ ಪಡೆಯಬೇಕಿತ್ತು. ಚುಚ್ಚಿದ ಜಾಗದ ನೋವಿಗೆ ಹೆದರಿ ಜನ ಹಿಂದೆ ಸರಿಯುತ್ತಿದ್ದರು.

2012ರ ಬಳಿಕ ರೋಗವು ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರಗಳಿಗೂ ಕಾಲಿಟ್ಟಿತು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವುಗಳ ಸರಣಿಯೇ ನಡೆಯಿತು. ಕೊನೆಗೆ, ಲಸಿಕೆ ನಿರೀಕ್ಷಿತ ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ಅದರ ಬಳಕೆಯನ್ನೇ ನಿಲ್ಲಿಸಲಾಯಿತು. 2024ರ ಆರಂಭದಲ್ಲಿ ರೋಗ ಮರುಕಳಿಸಿದಾಗ ಮಲೆನಾಡಿನ ಜನರ ಕೈಯಲ್ಲಿ ಲಸಿಕೆಯೇ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿದೆ ಎಂಬುದು ಸಮಾಧಾನದ ವಿಷಯ.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು. ವೈರಸ್ ಪತ್ತೆಯಾಗಿ ಅರುವತ್ತೈದು ವರ್ಷ ಕಳೆದ ಮೇಲೂ ಒಂದು ಉತ್ತಮ ಲಸಿಕೆ ನಮ್ಮ ಬಳಿ ಯಾಕಿರಲಿಲ್ಲ? ವೈರಸ್ ಅಷ್ಟು ಜಟಿಲವೆಂದೇ? ಅಲ್ಲ. ಅದರಿಂದ ಸಾಯುವವರು ಬಡವರು. ಅವರ ಸಂಖ್ಯೆ ಚುನಾವಣೆಯನ್ನು ನಿರ್ಧರಿಸುವಷ್ಟಿಲ್ಲ. ಲಾಭ ಎಣಿಸುವ ಕಂಪೆನಿಗಳಿಗೆ ಅವರು ಗಿರಾಕಿಗಳೂ ಅಲ್ಲ. ಇಂತಹ ರೋಗಗಳ ಕೆಲಸವನ್ನು ಮಾಡಬೇಕಾದುದು ಸರಕಾರಿ ಪ್ರಯೋಗಾಲಯಗಳು. ಅಲ್ಲಿ ಖಾಲಿ ಹುದ್ದೆಗಳು ತುಂಬದಿದ್ದರೆ, ಉಪಕರಣಗಳು ಹಳೆಯವಾದರೆ, ಹೊಸ ತಲೆಮಾರಿನ ಸಂಶೋಧಕರು ಬಾರದಿದ್ದರೆ ಯಾವ ಮಂತ್ರಿಯ ಮನೆಯ ಮುಂದೆಯೂ ಧರಣಿ ನಡೆಯುವುದಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲದಿದ್ದರೆ ಸುದ್ದಿಯಾಗುತ್ತದೆ. ಪ್ರಯೋಗಾಲಯದಲ್ಲಿ ಸಂಶೋಧಕ ಇಲ್ಲದಿದ್ದರೆ ಸುದ್ದಿಯಾಗುವುದಿಲ್ಲ, ಇಪ್ಪತ್ತು ವರ್ಷಗಳ ಬಳಿಕ ಸಾವಾಗುತ್ತದೆ.

ರೋಗ ಮತ್ತು ಇಲಿಯ ನಂಟು ಬೆಂಗಳೂರಿಗೆ ಹೊಸತಲ್ಲ. 1898ರ ಆಗಸ್ಟ್‌ನಲ್ಲಿ ಈ ನಗರಕ್ಕೆ ಪ್ಲೇಗ್ ಬಂತು. ಅದು ವೈರಸ್ಸಲ್ಲ, ಬ್ಯಾಕ್ಟೀರಿಯಾ. ಆದರೂ ಅದರ ಪಾಠ ಇಲ್ಲಿ ಪ್ರಸ್ತುತ. ಬಸವನಗುಡಿ, ಮಲ್ಲೇಶ್ವರದಂತಹ ಬಡಾವಣೆಗಳು ಬೆಳೆದದ್ದು ಆ ಭೀತಿಯ ನೆರಳಿನಲ್ಲಿ. ಇಲಿಯಿಂದ ಮನುಷ್ಯನಿಗೆ ರೋಗವನ್ನು ದಾಟಿಸುವುದು ಚಿಗಟ ಎಂಬುದನ್ನು ಪಾಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಅದೇ 1898ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಮುಂಬೈಯಲ್ಲಿ ಲಸಿಕೆ ರೂಪಿಸಿದ ಹಾಫ್‌ಕಿನ್ 1897ರ ಜನವರಿಯಲ್ಲಿ ಮೊದಲು ಅದನ್ನು ತನಗೇ ಚುಚ್ಚಿಕೊಂಡರು. ಲಸಿಕೆಯ ಕುರಿತು ನೂರೆಂಟು ವದಂತಿಗಳು ಹಬ್ಬಿದ್ದಾಗ, ಇಪ್ಪತ್ತರ ಹರೆಯದ ಮೂರನೆಯ ಆಗಾ ಖಾನ್ ತನ್ನ ಜನರ ಎದುರಲ್ಲೇ ಲಸಿಕೆ ಹಾಕಿಸಿಕೊಂಡು ಅವರ ಭಯವನ್ನು ನೀಗಿಸಿದರು. ಕೊರೋನಾ ಕಾಲದಲ್ಲೂ ಎಲ್ಲ ಸಮುದಾಯಗಳಲ್ಲೂ ಅಂತಹುದೇ ವದಂತಿಗಳು ಓಡಾಡಿದುವು. ಮೊಹಲ್ಲಾದ ಹುಡುಗಿಯೊಬ್ಬಳು ಲಸಿಕೆಯ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರೆ ವಾಟ್ಸಾಪಿನ ವದಂತಿಗೆ ಅವಳ ಒಂದು ಮಾತೇ ಉತ್ತರವಾಗುತ್ತದೆ. ನಮ್ಮವರೇ ಆದ ತಜ್ಞರು ಇರಬೇಕೆಂದು ನಾವು ಹೇಳುವುದು ಬರೇ ಪ್ರಾತಿನಿಧ್ಯದ ಲೆಕ್ಕಕ್ಕಾಗಿ ಅಲ್ಲ. ನಂಬಿಕೆ ಹುಟ್ಟುವುದು ಪರಿಚಿತ ಮುಖದಿಂದ.

ಇನ್ನೂ ಒಂದು ಕಾರಣವಿದೆ. ಪ್ರಾಣಿಯಿಂದ ಮನುಷ್ಯನಿಗೆ ದಾಟುವ ರೋಗಗಳು ಮೊದಲು ಎದುರಾಗುವುದು ಕುರಿ ಸಾಕುವವರಿಗೆ, ಹಾಲು ಕರೆಯುವವರಿಗೆ, ಮಾಂಸ ಮತ್ತು ಚರ್ಮದ ಕೆಲಸ ಮಾಡುವವರಿಗೆ. ಬ್ರುಸೆಲ್ಲೋಸಿಸ್, ಆಂಥ್ರಾಕ್ಸ್‌ನಂತಹ ರೋಗಗಳ ಮೇಲೆ ಯಲಹಂಕದ ನಿವೇದಿಯಲ್ಲಿ ನಡೆಯುವ ಅಧ್ಯಯನಕ್ಕೂ ಟ್ಯಾನರಿ ರಸ್ತೆಯ, ಶಿವಾಜಿನಗರದ ದುಡಿಯುವ ಕೈಗಳಿಗೂ ನೇರ ಸಂಬಂಧವಿದೆ. ಆ ಕೈಗಳ ಮಕ್ಕಳೇ ಆ ಸಂಸ್ಥೆಯ ಹೊರಗಿನವರಾಗಿ ಯಾಕಿರಬೇಕು?

ಈಗ ಹೆತ್ತವರ ಮನಸ್ಸಿನಲ್ಲಿರುವ ಸಂದೇಹಗಳಿಗೆ ಬರೋಣ. ಮೂಕ ಪ್ರಾಣಿಗೆ ಬೇಕೆಂದೇ ರೋಗ ಅಂಟಿಸಿ, ಕೊನೆಗೆ ಅದನ್ನು ಕೊಲ್ಲುವುದು ಸರಿಯೇ? ಇದು ಹಗುರವಾಗಿ ತಳ್ಳಿಹಾಕಬೇಕಾದ ಪ್ರಶ್ನೆಯಲ್ಲ. ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದ ಸ್ತ್ರೀ ಶಿಕ್ಷೆಗೆ ಗುರಿಯಾದುದನ್ನೂ, ಬಾಯಾರಿದ ನಾಯಿಗೆ ನೀರುಣಿಸಿದವರು ಕ್ಷಮೆ ಪಡೆದುದನ್ನೂ ಪ್ರವಾದಿ(ಸ)ಯವರಿಂದ ಕೇಳಿ ಬೆಳೆದ ಮನೆಯಲ್ಲಿ ಈ ಪ್ರಶ್ನೆ ಏಳದಿದ್ದರೆ ಅದುವೇ ಆಶ್ಚರ್ಯ. ಅನಗತ್ಯ ಹಿಂಸೆ ಖಂಡಿತ ತಪ್ಪು. ಆದರೆ ಒಂದು ಮಗುವಿಗೆ ಕೊಡಲಿರುವ ಲಸಿಕೆ ವಿಷವಾಗಬಹುದೇ ಎಂಬುದನ್ನು ನೇರವಾಗಿ ಮಗುವಿನ ಮೇಲೆಯೇ ಪರೀಕ್ಷಿಸುವುದು ಅದಕ್ಕಿಂತ ದೊಡ್ಡ ತಪ್ಪು. ಈ ಎರಡು ತಪ್ಪುಗಳ ನಡುವಿನ ಕಿರಿದಾದ ಹಾದಿಯಲ್ಲಿ ಸಂಶೋಧಕ ನಡೆಯಬೇಕಾಗುತ್ತದೆ.

ಆ ಹಾದಿಗೆ ಕಾನೂನಿನ ಬೇಲಿ ಇದೆ. ಪ್ರಾಣಿಹಿಂಸೆ ತಡೆ ಕಾಯ್ದೆ ಅಂಗೀಕಾರವಾದುದು 1960ರಲ್ಲಿ. ಅದರಡಿ ರಚನೆಯಾದ ರಾಷ್ಟ್ರೀಯ ಸಮಿತಿಯಲ್ಲಿ ನೋಂದಾಯಿಸದೆ ಯಾವ ಸಂಸ್ಥೆಯೂ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವಂತಿಲ್ಲ. ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕು. ಅದರಲ್ಲಿ ಪಶುವೈದ್ಯರು, ಹೊರಗಿನ ತಜ್ಞರು ಮಾತ್ರವಲ್ಲ, ವಿಜ್ಞಾನಿಯಲ್ಲದ ಸಾಮಾಜಿಕ ಕಳಕಳಿಯ ಒಬ್ಬ ಸದಸ್ಯರೂ ಇರಬೇಕು. ಎಷ್ಟು ಇಲಿ, ಯಾಕೆ ಇಲಿ, ಕಡಿಮೆ ಇಲಿಗಳಿಂದ ಆಗದೇ, ನೋವು ತಗ್ಗಿಸುವ ಕ್ರಮವೇನು ಎಂಬುದಕ್ಕೆಲ್ಲ ಲಿಖಿತ ಉತ್ತರ ಕೊಡಬೇಕು. ಪ್ರಾಣಿಗೆ ಬದಲಿ ಇದ್ದರೆ ಬದಲಿ ಬಳಸು, ಸಂಖ್ಯೆ ತಗ್ಗಿಸು, ನೋವು ತಗ್ಗಿಸು ಎಂಬ ಮೂರು ತತ್ವಗಳನ್ನು 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಮುಂದಿಟ್ಟರು. ಇಂದು ಜಗತ್ತಿನಾದ್ಯಂತ ಈ ಕ್ಷೇತ್ರದ ನಿಯಮಗಳ ಅಡಿಪಾಯ ಅವೇ.

ಅವು ಬರೇ ಕಾಗದದ ಮಾತುಗಳಲ್ಲ. ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಎಂಬ ಭಯ ಹಿರಿಯರಿಗೆ ನೆನಪಿರಬಹುದು. ಆ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸಲಾಗುತ್ತಿತ್ತು. ಅದರಿಂದ ಕೆಲವರಿಗೆ ಪಾರ್ಶ್ವವಾಯು ತಗುಲುತ್ತಿತ್ತು. ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ ಬಂದ ಮೇಲೆ, 2005ರ ಹೊತ್ತಿಗೆ, ಭಾರತ ಅದನ್ನು ಕೈಬಿಟ್ಟಿತು. ರೇಬಿಸ್ ಪತ್ತೆಗೆ ಒಂದು ಕಾಲದಲ್ಲಿ ಇಲಿಗಳಿಗೆ ಚುಚ್ಚಿ ವಾರಗಟ್ಟಲೆ ಕಾಯಬೇಕಿತ್ತು. ಈಗ ಸೂಕ್ಷ್ಮದರ್ಶಕದಡಿಯಲ್ಲಿ ಹೊಳೆಯುವ ಪ್ರತಿಕಾಯಗಳಿಂದ ಕೆಲವೇ ಗಂಟೆಗಳಲ್ಲಿ ಉತ್ತರ ಸಿಗುತ್ತದೆ. ಇಲಿಗಳನ್ನು ಉಳಿಸಿದವರು ಪ್ರಯೋಗಾಲಯದ ಹೊರಗೆ ಘೋಷಣೆ ಕೂಗಿದವರು ಮಾತ್ರವಲ್ಲ. ಒಳಗಿದ್ದು ಇನ್ನೊಂದು ವಿಧಾನವನ್ನು ಕಂಡುಹಿಡಿದವರೂ ಹೌದು. ಪ್ರಾಣಿಯ ನೋವಿಗೆ ಮಿಡಿಯುವ ಮನಸ್ಸು ಈ ವೃತ್ತಿಗೆ ಅಡ್ಡಿಯಲ್ಲ, ಅರ್ಹತೆ.

ಎರಡನೆಯ ಸಂದೇಹ ಅಪಾಯದ್ದು. ಅಪಾಯವೇ ಇಲ್ಲ ಎಂದು ಹೇಳುವುದು ವಂಚನೆಯಾದೀತು. ಮಂಗನ ಕಾಯಿಲೆಯ ವೈರಸ್ ಅದನ್ನು ಅಧ್ಯಯನ ಮಾಡುತ್ತಿದ್ದ ಪ್ರಯೋಗಾಲಯದ ಸಿಬ್ಬಂದಿಗೇ ತಗುಲಿದ ಅನೇಕ ಪ್ರಕರಣಗಳು ದಾಖಲಾಗಿವೆ. ಹಳದಿ ಜ್ವರದ ಲಸಿಕೆಗಾಗಿ 1951ರಲ್ಲಿ ನೊಬೆಲ್ ಪಡೆದ ಮ್ಯಾಕ್ಸ್ ಥೈಲರ್ ಅವರಿಗೂ ಪ್ರಯೋಗಾಲಯದಲ್ಲೇ ಆ ಜ್ವರ ತಗುಲಿತ್ತು. ಆ ಅನುಭವಗಳಿಂದಲೇ ಇಂದಿನ ಸುರಕ್ಷಾ ವ್ಯವಸ್ಥೆ ಹುಟ್ಟಿದೆ. ಪ್ರಯೋಗಾಲಯಗಳನ್ನು ನಾಲ್ಕು ಮಟ್ಟಗಳಲ್ಲಿ ವಿಂಗಡಿಸಲಾಗಿದೆ. ಮೂರನೆಯ ಮಟ್ಟದಲ್ಲಿ ಗಾಳಿ ಒಳಗೆ ಮಾತ್ರ ಹರಿಯುತ್ತದೆ, ಹೊರಹೋಗುವ ಗಾಳಿ ಶೋಧಕಗಳನ್ನು ದಾಟಿಯೇ ಹೋಗಬೇಕು. ಮೈಯಿಡೀ ಮುಚ್ಚುವ ಉಡುಪು, ಎರಡು ಜೊತೆ ಕೈಗವಸು, ಮುಖಕ್ಕೆ ವಿಶೇಷ ಮಾಸ್ಕ್ ಕಡ್ಡಾಯ. ತರಬೇತಿ ಮುಗಿಸದವರಿಗೆ ಬಾಗಿಲು ತೆರೆಯುವುದಿಲ್ಲ. ತೀರಾ ಅಪಾಯಕಾರಿ ವೈರಸ್‌ಗಳಿಗೆಂದು ಪುಣೆಯಲ್ಲಿ ನಾಲ್ಕನೆಯ ಮಟ್ಟದ ಪ್ರಯೋಗಾಲಯವಿದೆ. ಅಂದಹಾಗೆ, 2022ರಲ್ಲಿ ಹೆಣ್ಣುಮಕ್ಕಳ ತಲೆವಸ್ತ್ರವೇ ಶಿಕ್ಷಣಕ್ಕೆ ಅಡ್ಡಿಯೆಂಬಂತೆ ಬಿಂಬಿಸಿದ ರಾಜ್ಯವಿದು. ಇಂತಹ ಪ್ರಯೋಗಾಲಯದಲ್ಲಾದರೋ ತಲೆ, ಮುಖ ಮುಚ್ಚದ ಯಾರಿಗೂ ಪ್ರವೇಶವಿಲ್ಲ!

ಮೂರನೆಯದು ಸಮಯ ಮತ್ತು ಹಣದ ಲೆಕ್ಕ. ಇದನ್ನು ಮುಚ್ಚಿಡಬಾರದು. ಬಿ.ಎಸ್ಸಿ., ಎಂ.ಎಸ್ಸಿ. ಅಥವಾ ಪಶುವೈದ್ಯಕೀಯ ಪದವಿ, ಬಳಿಕ ಐದಾರು ವರ್ಷಗಳ ಪಿ.ಎಚ್‌ಡಿ., ಆಮೇಲೆ ಇನ್ನೂ ಕೆಲವು ವರ್ಷಗಳ ತಾತ್ಕಾಲಿಕ ಸಂಶೋಧನಾ ಕೆಲಸ. ಖಾಯಂ ಹುದ್ದೆ ಸಿಗುವ ಹೊತ್ತಿಗೆ ವಯಸ್ಸು ಮೂವತ್ತು ದಾಟಿರುತ್ತದೆ. ಎಲ್ಲರಿಗೂ ಸಿಗುತ್ತದೆಂಬ ಖಾತರಿಯೂ ಇಲ್ಲ. ಆದರೆ ಪಿ.ಎಚ್‌ಡಿ.ಗೆ ಹೆತ್ತವರು ಲಕ್ಷಗಟ್ಟಲೆ ಸುರಿಯಬೇಕಾಗಿಲ್ಲ. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಫೆಲೋಶಿಪ್ ಗಳಿಸಿದವರಿಗೆ 2023ರ ಪರಿಷ್ಕರಣೆಯ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ ನಿಗದಿಯಾಗಿದೆ. ಫೆಲೋಶಿಪ್ ಇಲ್ಲದೆ ಯೋಜನಾ ಸಹಾಯಕರಾಗಿ ದುಡಿಯುವವರಿಗೆ ಇದಕ್ಕಿಂತ ಕಡಿಮೆ. ದುಡಿಮೆಗೆ ರಜೆಯ ಲೆಕ್ಕವೂ ಇಲ್ಲ. ಲಸಿಕೆ ಹಾಕಿದ ಇಲಿಗಳನ್ನು ದಿನವೂ ನೋಡಬೇಕು, ತೂಗಬೇಕು, ಬರೆದಿಡಬೇಕು. ಈದ್‌ನ ದಿನವೂ ಪಂಜರದ ಇಲಿಗೆ ನೀರು ಬೇಕು.

ಇಲ್ಲಿಯೇ ಸರಕಾರದ ಹೊಣೆಗಾರಿಕೆಯ ಪ್ರಶ್ನೆ ಬರುತ್ತದೆ. ಉತ್ತಮ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು, ಸ್ನಾತಕೋತ್ತರ ಹಂತದಲ್ಲಿ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಮೇಲೇರಿದಂತೆ ನಮ್ಮ ಮಕ್ಕಳು ಉದುರಿಹೋಗುತ್ತಾರೆ ಎಂಬುದೇ ಅದರ ಅರ್ಥ. ಆ ಕೊರತೆ ನೀಗಿಸಲೆಂದು 2009ರಲ್ಲಿ ಅಲ್ಪಸಂಖ್ಯಾತ ಸಂಶೋಧಕರಿಗಾಗಿ ಮೌಲಾನಾ ಆಝಾದ್ ಫೆಲೋಶಿಪ್ ಆರಂಭವಾಯಿತು. 2022ರ ಡಿಸೆಂಬರ್‌ನಲ್ಲಿ, ಇತರ ಯೋಜನೆಗಳೊಂದಿಗೆ ಅದು ಪುನರಾವರ್ತನೆಯಾಗುತ್ತಿದೆಯೆಂಬ ಕಾರಣ ನೀಡಿ ಅದನ್ನು ನಿಲ್ಲಿಸಿರುವುದಾಗಿ ಕೇಂದ್ರ ಸರಕಾರ ಲೋಕಸಭೆಗೆ ತಿಳಿಸಿತು. ಏಣಿಯ ಮೇಲಿನ ಮೆಟ್ಟಿಲನ್ನು ಕಿತ್ತು, ಕೆಳಗೆ ನಿಂತವರನ್ನು 'ಮುಖ್ಯವಾಹಿನಿಗೆ ಬನ್ನಿ' ಎಂದು ಕರೆಯುವುದರಲ್ಲಿ ಯಾವ ಪ್ರಾಮಾಣಿಕತೆ ಇದೆ? ಆ ಫೆಲೋಶಿಪ್ ಮರಳಿ ಬರಬೇಕು. ರಾಜ್ಯದ ಪ್ರಯೋಗಾಲಯಗಳ ಖಾಲಿ ಹುದ್ದೆಗಳು ತುಂಬಬೇಕು. ನಮ್ಮ ಜನಪ್ರತಿನಿಧಿಗಳು ಶಾದಿಮಹಲ್‌ಗೆ ಅನುದಾನ ಕೇಳುವ ಉತ್ಸಾಹದಲ್ಲೇ ಇದನ್ನೂ ಕೇಳಬೇಕು.

ಅದೇ ಸಂದರ್ಭದಲ್ಲಿ, ದಾರಿ ಮುಚ್ಚಿದೆಯೆಂದು ಮನೆಯಲ್ಲಿ ಕೂರುವಂತೆಯೂ ಇಲ್ಲ. ಬಳ್ಳಾರಿ ರಸ್ತೆಯ ಎನ್.ಸಿ.ಬಿ.ಎಸ್. ಕಟ್ಟಿ ಬೆಳೆಸಿದ ಸ್ಥಾಪಕ ನಿರ್ದೇಶಕರ ಹೆಸರು ಒಬೈದ್ ಸಿದ್ದೀಕಿ ಎಂಬುದು ಆ ರಸ್ತೆಯಲ್ಲಿ ನಿತ್ಯ ಓಡಾಡುವ ನಮ್ಮ ಎಷ್ಟು ಯುವಕರಿಗೆ ಗೊತ್ತಿದೆ? ಉತ್ತರ ಪ್ರದೇಶದ ಬಸ್ತಿಯಲ್ಲಿ ಹುಟ್ಟಿ, ಅಲೀಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಪಿ.ಎಚ್‌ಡಿ. ಪಡೆದ ಅವರು 1962ರಲ್ಲಿ ಹೋಮಿ ಭಾಭಾರ ಆಹ್ವಾನದ ಮೇರೆಗೆ ಮುಂಬೈಯ ಟಾಟಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಅವರ ವಿಷಯ ಇಲಿಯಲ್ಲ, ಮೊದಲು ಬ್ಯಾಕ್ಟೀರಿಯಾ, ಬಳಿಕ ಹಣ್ಣಿನ ನೊಣ. 2006ರಲ್ಲಿ ಪದ್ಮವಿಭೂಷಣ ಪಡೆದ ಆ ಹಿರಿಯರು 2013ರಲ್ಲಿ ಬೆಂಗಳೂರಿನಲ್ಲೇ ರಸ್ತೆ ಅಪಘಾತಕ್ಕೀಡಾಗಿ ತೀರಿಕೊಂಡರು. ಅಲೀಗಢದಲ್ಲೇ ಓದಿದ ಇನ್ನೊಬ್ಬರು ಶಾಹಿದ್ ಜಮೀಲ್. ಹೆಪಟೈಟಿಸ್-ಇ ವೈರಸ್ ಕುರಿತ ಅಧ್ಯಯನಕ್ಕೆ ಹೆಸರಾದ ಅವರಿಗೆ 2000ದಲ್ಲಿ ಭಟ್ನಾಗರ್ ಪ್ರಶಸ್ತಿ ಸಂದಿತು. ಕೊರೋನಾ ವೈರಸ್‌ನ ರೂಪಾಂತರಗಳನ್ನು ಪತ್ತೆ ಹಚ್ಚುವ ರಾಷ್ಟ್ರೀಯ ಜಾಲದ ವೈಜ್ಞಾನಿಕ ಸಲಹಾ ಗುಂಪಿನ ಮುಖ್ಯಸ್ಥರಾಗಿದ್ದ ಅವರು 2021ರ ಮೇ ತಿಂಗಳಲ್ಲಿ ಆ ಹೊಣೆಯಿಂದ ಹೊರಬಂದರು. ಹೆಣ್ಣುಮಕ್ಕಳಿಗೆ ಇದು ಆಗದು ಎನ್ನುವವರು ಖುರ್ಷೀದ್ ಪಾವ್ರಿಯವರನ್ನು ನೆನಪಿಸಿಕೊಳ್ಳಲಿ. ಮಂಗನ ಕಾಯಿಲೆಯ ಮೇಲೆ ದುಡಿದ ಆ ಪಾರ್ಸಿ ಮಹಿಳೆ ಪುಣೆಯ ವೈರಾಣು ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿಯಾದರು.

ಸಿಡುಬಿಗೂ ದಡಾರಕ್ಕೂ ಇರುವ ವ್ಯತ್ಯಾಸವನ್ನು ಸಾವಿರ ವರ್ಷಗಳ ಹಿಂದೆಯೇ ಬರೆದ ಅರ್‌ರಾಝಿಯ ಹೆಸರು ನಮ್ಮ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಚಪ್ಪಾಳೆಯೂ ಬೀಳುತ್ತದೆ. ಆದರೆ ಅದೇ ಸಭೆಯಿಂದ ಮನೆಗೆ ಹೋದ ತಂದೆಗೆ ಮಗಳು, "ಅಬ್ಬಾ, ನಾನು ವೈರಾಲಜಿ ಓದಬೇಕು" ಎಂದರೆ ಉತ್ತರ ಏನಿರುತ್ತದೆ? "ಮೂವತ್ತರ ತನಕ ಓದಿದರೆ ಮದುವೆ ಯಾವಾಗ?" ಎಂದಲ್ಲವೇ? ಅರ್‌ರಾಝಿಗೆ ಸಲ್ಲಿಸಬೇಕಾದ ಗೌರವ ಚಪ್ಪಾಳೆಯಲ್ಲ. ಮದುವೆ ಮತ್ತು ಓದು ಒಂದನ್ನೊಂದು ಕೊಲ್ಲಬೇಕೆಂದೇನೂ ಇಲ್ಲ. ಸಂಬಂಧ ಹುಡುಕುವಾಗ ಹುಡುಗನ ಸಂಬಳ ಕೇಳುವಷ್ಟೇ ಸ್ಪಷ್ಟವಾಗಿ, ಅವಳ ಸಂಶೋಧನೆಯನ್ನು ಮುಂದುವರಿಸಲು ಬಿಡುವಿರಾ ಎಂದು ಕೇಳುವ ಧೈರ್ಯ ಹೆತ್ತವರಿಗಿದ್ದರೆ ಸಾಕು.

ಮಾಡಬಹುದಾದ ಕೆಲಸಗಳು ಕಷ್ಟದವಲ್ಲ. ಆರ್.ಟಿ. ನಗರದಿಂದ ಯಲಹಂಕದವರೆಗಿನ ಮಸೀದಿ ಜಮಾಅತ್‌ಗಳು ಮತ್ತು ನಮ್ಮ ಶಾಲೆಗಳು, ಈ ಸಂಸ್ಥೆಗಳು ಸಾರ್ವಜನಿಕರಿಗೆ ತೆರೆದಿರುವ ದಿನಗಳಲ್ಲಿ ಹತ್ತನೆಯ ಮತ್ತು ಪಿ.ಯು.ಸಿ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ವೃತ್ತಿ ಮಾರ್ಗದರ್ಶನ ಶಿಬಿರಗಳಲ್ಲಿ ನೀಟ್‌ನ ಜೊತೆಗೆ ಪಶುವೈದ್ಯಕೀಯ, ಸೂಕ್ಷ್ಮಾಣುಜೀವಿ ವಿಜ್ಞಾನ, ಸಂಶೋಧನಾ ಫೆಲೋಶಿಪ್‌ಗಳ ಮಾಹಿತಿಯೂ ಇರಲಿ. ಶಿಕ್ಷಣ ನಿಧಿಗಳು ವೈದ್ಯಕೀಯ ವಿದ್ಯಾರ್ಥಿಗೆ ಕೊಡುವ ನೆರವನ್ನು ಎಂ.ಎಸ್ಸಿ. ವಿದ್ಯಾರ್ಥಿನಿಗೂ ಕೊಡಲಿ. ಹೆಚ್ಚಿನವರು ಬಿಟ್ಟುಹೋಗುವುದು ಫೆಲೋಶಿಪ್ ಕೈಸೇರುವ ಮುಂಚಿನ ಆ ಎರಡು ವರ್ಷಗಳಲ್ಲಿ. ಎಲ್ಲ ಮಕ್ಕಳೂ ಸಂಶೋಧಕರಾಗಬೇಕೆಂದು ನಾವು ಹೇಳುವುದಿಲ್ಲ. ಸೋಲನ್ನು ನೂರು ಸಲ ತಾಳುವ, ಕಂಡದ್ದನ್ನೇ ಬರೆಯುವ, ಬೇಕಾದ ಉತ್ತರಕ್ಕಾಗಿ ಲೆಕ್ಕ ತಿದ್ದದ ಮಗುವಿಗೆ ಮಾತ್ರ ಇದು ಒಗ್ಗುತ್ತದೆ. ಅಂತಹ ಒಂದು ಮಗು ನಿಮ್ಮ ಮನೆಯಲ್ಲಿದ್ದರೆ ಅದನ್ನು ತಡೆಯಬೇಡಿ.

ಮುಂದಿನ ಬೇಸಿಗೆಯಲ್ಲೂ ಮಲೆನಾಡಿನ ಬಡ ಹೆಂಗಸೊಬ್ಬಳು ಸೌದೆಗೆಂದು ಕಾಡಿಗೆ ಹೋಗುತ್ತಾಳೆ. ಅವಳ ಧರ್ಮ ಯಾವುದೆಂದು ಉಣುಗು ಕೇಳುವುದಿಲ್ಲ, ವೈರಸ್ಸೂ ಕೇಳುವುದಿಲ್ಲ. ಅವಳ ತೋಳಿಗೆ ಚುಚ್ಚಬೇಕಾದ ಒಳ್ಳೆಯ ಲಸಿಕೆಯನ್ನು ತಯಾರಿಸುವ ಕೈಗಳಲ್ಲಿ ನಮ್ಮ ಮನೆಯ ಮಗಳ ಕೈಯೂ ಇದ್ದರೆ, ಈ ನಾಡಿಗೆ ನಾವು ಸಲ್ಲಿಸಬಹುದಾದ ಸೇವೆಗಳಲ್ಲಿ ಅದು ಸಣ್ಣದೇನಲ್ಲ.